ಕಾಗದದಲ್ಲಿ ಮನೆಯಾಳು

ಎರಡು ಸಂಸ್ಕೃತಿಗಳ ನಡುವೆ ಬೆಳೆದವರ ಮನಸ್ಸು ತಾನಾಗಿಯೇ ದೊಡ್ಡದಾಗುತ್ತದೆ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಅಥೋಲ್ ಫುಗಾರ್ಡ್ ಕತೆ ಓದಿದಾಗೆಲ್ಲ ನನಗೆ ಆ ಮಾತಿನ ಮೇಲೆ ಅನುಮಾನ.

ದಕ್ಷಿಣ ಆಫ್ರಿಕಾದ ಈ ನಾಟಕಕಾರ-ನಿರ್ದೇಶಕ ಹುಟ್ಟಿದ್ದು 1932ರಲ್ಲಿ. ಅಪ್ಪ ಇಂಗ್ಲಿಷ್ ಮಾತಿನವರು, ಅಮ್ಮ ಆಫ್ರಿಕಾನ್ಸ್ ಮನೆತನದವರು. ಭಾಷೆ ಎರಡು, ಸರಿ. ಆದರೆ ಎರಡೂ ಬಿಳಿಯರದ್ದೇ! ಅಮ್ಮನ ಚಹಾ ಅಂಗಡಿಯಲ್ಲಿ ದುಡಿಯುತ್ತಿದ್ದ, ತನ್ನನ್ನು ಅಕ್ಕರೆಯಿಂದ ನೋಡಿಕೊಂಡ ಕಪ್ಪು ಮನುಷ್ಯನ ಮುಖಕ್ಕೆ ಹುಡುಗನಾಗಿದ್ದಾಗ ಉಗಿದವರು ಇವರೇ. ಆ ನಾಚಿಕೆಯನ್ನು ದಶಕಗಳ ಕಾಲ ಹೊತ್ತು, 1982ರಲ್ಲಿ ನಾಟಕ ಮಾಡಿದರು.

ಕಣ್ಣು ತೆರೆಸಿದ್ದು ಮನೆಯಲ್ಲ, ಗುಮಾಸ್ತಿಕೆ. 1958ರಲ್ಲಿ ಜೋಹಾನ್ಸ್‌ಬರ್ಗಿನ ಕೋರ್ಟೊಂದರಲ್ಲಿ ಕೆಲಸ. ಪಾಸ್‌ಬುಕ್ (ಕಪ್ಪು ಜನ ಸದಾ ಜೊತೆಗಿಟ್ಟುಕೊಳ್ಳಲೇಬೇಕಿದ್ದ ಪರವಾನಗಿ ಪುಸ್ತಕ) ಸರಿಯಿಲ್ಲ ಅಂತ ಅವರನ್ನು ಒಬ್ಬರ ಹಿಂದೊಬ್ಬರಂತೆ ಜೈಲಿಗೆ ಕಳಿಸೋದನ್ನು ಕೂತು ನೋಡಿದರು.

1972ರ ‘ಸಿಜ್ವೆ ಬಾನ್ಸಿ ಈಸ್ ಡೆಡ್’ ಆ ಪಾಸ್‌ಬುಕ್ಕಿನದೇ ಕತೆ: ಬದುಕೋದಕ್ಕಾಗಿ ಸತ್ತವನ ಹೆಸರು ಹಾಕಿಕೊಳ್ಳುವ ಮನುಷ್ಯ. ಕಪ್ಪು ನಟರಾದ ಜಾನ್ ಕಾನಿ, ವಿನ್ಸ್ಟನ್ ಎನ್‌ಟ್ಶೋನಾ ಜೊತೆ ಕೂತು ಕಟ್ಟಿದ್ದು. ಕೃತಿಗೆ ಮೂವರ ಹೆಸರೂ ಇದೆ. ರಂಗದ ಮೇಲೆ ಬರೀ ಈ ಇಬ್ಬರು ನಟರು, ಹೊಟ್ಟೆ ಹುಣ್ಣಾಗುವಷ್ಟು ನಗು. (ಪ್ರತಿಭಟನೆಯ ನಾಟಕ ಅಂದರೆ ಮುಖ ಗಂಟುಹಾಕಿಕೊಂಡೇ ಇರಬೇಕು ಅನ್ನೋರು ಇದನ್ನೊಮ್ಮೆ ಓದಬೇಕು.)

ಕಪ್ಪು ಮನುಷ್ಯನಿಗೆ ‘ನಟ’ ಅನ್ನೋ ಉದ್ಯೋಗವನ್ನು ಆಗಿನ ವರ್ಣಭೇದದ ಸರ್ಕಾರ ಒಪ್ಪುತ್ತಿರಲಿಲ್ಲ. ಹಾಗಾಗಿ ಕಾಗದಪತ್ರದಲ್ಲಿ ಕಾನಿ, ಎನ್‌ಟ್ಶೋನಾ ಇಬ್ಬರೂ ಫುಗಾರ್ಡ್ ಮನೆಯ ಆಳುಗಳು. ಆ ಆಳುಗಳೇ 1975ರಲ್ಲಿ ನ್ಯೂಯಾರ್ಕಿನಲ್ಲಿ ಅತ್ಯುತ್ತಮ ನಟನ ಟೋನಿ ಪ್ರಶಸ್ತಿಯನ್ನು ಹಂಚಿಕೊಂಡರು.