ಐಹೊಳೆಗೆ ಬಂದವರು ಎಲ್ಲಿ ಮಲಗುತ್ತಾರೆ?

1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮೂರು ರಾಮಥಾಳದ ಕಟ್ಟೆಯ ಮೇಲೆ ಅದರ ಸುದ್ದಿ ಯಾರೂ ತೆಗೆದದ್ದು ನೆನಪಿಲ್ಲ. ಮಳೆ ಕೈಕೊಟ್ಟಿತ್ತು, ದುಡಿಯಲು ಗೋವಾಕ್ಕೆ, ಮಂಗಳೂರಿಗೆ ಹೊರಟವರದೇ ಮಾತು. ಐಹೊಳೆ ನಮ್ಮದೇ ಹುನಗುಂದ ತಾಲೂಕಿನ ಊರು. ಗುಡಿಗಳ ಗೋಡೆಗೆ ಹತ್ತಿಯೇ ಮನೆಗಳಿದ್ದವು, ದನ ಕಟ್ಟುತ್ತಿದ್ದರು, ಕುಳ್ಳು ತಟ್ಟುತ್ತಿದ್ದರು. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಹಿಂದೊಮ್ಮೆ ಅದರಲ್ಲಿ ವಾಸವಿದ್ದವನಿಂದ. ಪರದೇಶದವರು ಬಂದರೆ ಹುಡುಗರು ಪೆನ್ನು ಕೇಳುತ್ತ ಬೆನ್ನು ಹತ್ತುತ್ತಿದ್ದರು. ಪ್ರವಾಸಿಗರಿಂದ ನಮ್ಮ ಕಡೆಯವರಿಗೆ ಆಗುತ್ತಿದ್ದ ಗಳಿಕೆ ಹೆಚ್ಚುಕಡಿಮೆ ಅಷ್ಟೇ.

ಆಮೇಲೆ ಸರ್ಕಾರ ಕೈಕಟ್ಟಿ ಕೂತಿತ್ತು ಎಂದರೆ ಸುಳ್ಳಾದೀತು. ಕೂಡಲಸಂಗಮಕ್ಕೆ ಅಭಿವೃದ್ಧಿ ಮಂಡಳಿ ಬಂತು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. 2015ರಲ್ಲಿ ಪಾರಂಪರಿಕ ಊರುಗಳಿಗೆಂದು ಕೇಂದ್ರ ತಂದ ಹೃದಯ್ ಯೋಜನೆಗೆ ಆರಿಸಿದ 12 ಊರುಗಳಲ್ಲಿ ಬಾದಾಮಿಯೂ ಇತ್ತು. ಚಾಲುಕ್ಯ ಉತ್ಸವ ಮನಸ್ಸಾದ ವರ್ಷ ನಡೆಯಿತು. 2008ರಲ್ಲಿ ಬಂದ ಗೋಲ್ಡನ್ ಚಾರಿಯಟ್ ರೈಲಿನ ಬಗ್ಗೆಯಂತೂ ಭಾರೀ ಮಾತು. ಆದರೆ ಆ ರೈಲಿನಲ್ಲೇ ಹಾಸಿಗೆ, ಅದರಲ್ಲೇ ಅಡುಗೆಮನೆ. ಬಾದಾಮಿಯ ಗುಹೆ ಹತ್ತಿಳಿದವರು ಮತ್ತೆ ಅದರಲ್ಲೇ ಹೋಗಿ ಮಲಗಿದರೆ ಊರಿನ ಖಾನಾವಳಿಗೆ ಏನು ಸಿಕ್ಕೀತು?

ಇಡೀ ವ್ಯವಹಾರ ನಿಂತಿರುವುದು ಇಲ್ಲೇ. ಎಷ್ಟು ಜನ ಬಂದರೆಂದು ಪ್ರವಾಸೋದ್ಯಮ ಇಲಾಖೆ ಲೆಕ್ಕ ಇಡುತ್ತದೆ. ಎಷ್ಟು ರಾತ್ರಿ ಉಳಿದರೆಂಬುದರ ಮೇಲೆ ಕೆಲಸ ಹುಟ್ಟುತ್ತದೆ. ಹೊಸಪೇಟೆಯಿಂದ ಬೆಳಿಗ್ಗೆ ಬಿಟ್ಟ ಗಾಡಿ ಐಹೊಳೆ, ಪಟ್ಟದಕಲ್ಲು, ಬಾದಾಮಿ ಮೂರೂ ಕಡೆ ಸುತ್ತಿ ರಾತ್ರಿ ಅಲ್ಲಿಗೇ ಮುಟ್ಟುತ್ತದೆ. ಪ್ರವಾಸಿ ಟ್ಯಾಕ್ಸಿ ಯೋಜನೆಯಲ್ಲಿ ಸಹಾಯಧನ ಪಡೆದು ಕಾರು ತಂದ ನಮ್ಮ ಓಣಿಯ ಹುಡುಗನೊಬ್ಬನಿದ್ದಾನೆ. "ಗುಡಿ ನೋಡಾಕ ಬರೋರು ಗಾಡಿ ತಗೊಂಡ ಬರ್ತಾರ ಕಾಕಾ. ನನಗ ಬಾಡಿಗಿ ಅಂದ್ರ ಮದವಿ, ಇಲ್ಲಾ ಬಾಗಲಕೋಟಿ ದವಾಖಾನಿ" ಅನ್ನುತ್ತಾನೆ. ಕಂತು ತಪ್ಪಿಸಿಲ್ಲ. ಯೋಜನೆ ಗೆದ್ದಿತೆಂದು ಬರೆದುಕೊಳ್ಳಲು ಅಡ್ಡಿಯಿಲ್ಲ, ಪ್ರವಾಸೋದ್ಯಮದ ಖಾತೆಯಲ್ಲಿ ಮಾತ್ರ ಬೇಡ.

ಹಾಗಾದರೆ ಐಹೊಳೆಯವರೇ ನಾಲ್ಕು ಕೋಣೆ ಕಟ್ಟಿ ಬಾಡಿಗೆಗೆ ಕೊಡಬಾರದೇ? 2010ರಲ್ಲಿ ಬಿಗಿಯಾದ ಕಾಯ್ದೆಯ ಪ್ರಕಾರ ಸ್ಮಾರಕದಿಂದ 100 ಮೀಟರಿನೊಳಗೆ ಹೊಸದೇನೂ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿಗೆ ಅನುಮತಿ ಬೇಕು. ಹೆಜ್ಜೆಗೊಂದು ಗುಡಿಯಿರುವ ಊರಲ್ಲಿ ಉಳಿಯುವ ಜಾಗವೆಷ್ಟು? ಊರನ್ನೇ ಸ್ಥಳಾಂತರಿಸುವ ಮಾತು ದಶಕಗಳಿಂದ ನಡೆದಿದೆ. ಹೋಂಸ್ಟೇ ಮಾಡಿ ಎಂದು ಒಂದು ಇಲಾಖೆ ಕರೆಯುತ್ತದೆ, ಇಟ್ಟಿಗೆ ಇಡಬೇಡಿ ಎಂದು ಇನ್ನೊಂದು ನೋಟಿಸು ಕೊಡುತ್ತದೆ. ಕಲ್ಲು ಉಳಿಯಬೇಕು, ತಕರಾರಿಲ್ಲ; ಆದರೆ ಈ ಎರಡು ಇಲಾಖೆಗಳು ಒಂದೇ ಮೇಜಿಗೆ ಕೂರಲು ಇಷ್ಟು ವರ್ಷ ಬೇಕೇ?

ಯಾವ ಯೋಜನೆಯ ಹಂಗೂ ಇಲ್ಲದೆ ನಡೆದಿರುವ ದುಡಿಮೆ ನೋಡಬೇಕೆಂದರೆ ಬಾದಾಮಿ ಹತ್ತಿರದ ಬನಶಂಕರಿಗೆ ಹೋಗಬೇಕು. ಪುಟ್ಟಿ ಹೊತ್ತ ಹೆಂಗಸರು ಗುಡಿಯ ಮುಂದೆ ಅಡ್ಡಗಟ್ಟುತ್ತಾರೆ: ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ರೊಟ್ಟಿಯ ಮೇಲೇ ಪಲ್ಯ ಬಡಿಸಿ ಕೈಗಿಡುತ್ತಾರೆ. ಸಾಲದೆಂದರೆ ಇನ್ನೊಂದು ಚಮಚ ಚಟ್ನಿ, ಅದಕ್ಕೆ ರೊಕ್ಕ ಕೇಳುವುದಿಲ್ಲ. ಏನು ಬೇಕೆಂದು ಕೇಳಿದರೆ ನೆರಳು, ನಳದ ನೀರು ಅನ್ನುತ್ತಾರೆ. ಹೋಟೆಲು ಕಟ್ಟುವವರಿಗೆ ಕೊಡುವ ಸಹಾಯಧನದ ಒಂದು ತುಣುಕಿನಲ್ಲಿ ಎರಡೂ ಆಗುತ್ತವೆ.