ಸ್ನೇಹವೂ ಸನ್ನದೂ

ಬಾಲ್ಯದ ಗೆಳೆಯರು ಕೂಡಿ ಪ್ರವಾಸ ಹೋಗಬಹುದು, ನಾಟಕವಾಡಬಹುದು, ಒಬ್ಬನ ಮದುವೆಯಲ್ಲಿ ಇನ್ನೊಬ್ಬ ನಿಂತು ಬಡಿಸಬಹುದು. ಆದರೆ ಕೂಡಿ ವ್ಯಾಪಾರ ಮಾಡಬಾರದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಮಾತನ್ನು ಬಲ್ಲವರು ಬಹಳ, ಪಾಲಿಸುವವರು ವಿರಳ. ನನ್ನ ನಾಲ್ವರು ಮಿತ್ರರಂತೂ ವ್ಯಾಪಾರಕ್ಕೆ ಇಳಿದದ್ದಷ್ಟೇ ಅಲ್ಲದೆ, ಎಲ್ಲಕ್ಕಿಂತ ತೊಡಕಿನ ವ್ಯಾಪಾರವನ್ನೇ ಆರಿಸಿಕೊಂಡರು. ಅವರು ಒಂದು ಬಾರನ್ನು ಕೊಂಡರು.

ಒಬ್ಬ ಕೊಪ್ಪದವನು, ಒಬ್ಬ ಶೃಂಗೇರಿಯವನು, ಇಬ್ಬರು ನರಸಿಂಹರಾಜಪುರದವರು. ಕಾಲೇಜಿನಲ್ಲಿ ನಾವು ಐವರದೂ ಒಂದೇ ಬೆಂಚು. ಬಾರು ಯಾವ ಊರಿನಲ್ಲಿದೆಯೆಂಬುದನ್ನು ನಾನು ಹೇಳಲಾರೆ. ನಮ್ಮವು ಸಣ್ಣ ಊರುಗಳು. ಊರು ತಿಳಿದರೆ ಆಳೂ ತಿಳಿದಂತೆಯೇ. ಶಾರದೆಯ ಸನ್ನಿಧಿಯಲ್ಲಿ ಮಾತ್ರ ಬೇಡವೆಂದು ಶೃಂಗೇರಿಯವನು ಮೊದಲೇ ಷರತ್ತು ಹಾಕಿದ್ದನೆಂದು ಮಾತ್ರ ಹೇಳಬಹುದು.

ಮದ್ಯದ ಮೇಲಿನ ಮೋಹ ಅವರನ್ನು ಈ ದಾರಿಗೆ ಎಳೆಯಿತೆಂದು ವಾಚಕರು ಭಾವಿಸಬಾರದು. ಎಳೆದದ್ದು ಅಡಿಕೆ. ನಮ್ಮ ಕಡೆಯ ತೋಟಗಳಿಗೆ ಹಳದಿ ಎಲೆ ರೋಗ ಬಹುಕಾಲದಿಂದ ಅಂಟಿಕೊಂಡಿದೆ. ಸೋಗೆ ಹಳದಿಯಾಗುತ್ತದೆ, ಮರದ ತಲೆ ಸೊರಗುತ್ತದೆ, ಫಸಲು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಪೂರ್ತಿ ವಾಸಿಮಾಡುವ ಮದ್ದು ಇನ್ನೂ ಸಿಕ್ಕಿಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಬಂದು ಸೇರಿತು. ಅಜ್ಜ ನೆಟ್ಟ ತೋಟ ಮಗಳ ಕಾಲೇಜಿನ ಶುಲ್ಕಕ್ಕೂ ಸಾಲದಾದಾಗ, ಮಾರಾಟಕ್ಕಿದ್ದ ಬಾರೊಂದು ಅವರ ಕಣ್ಣಿಗೆ ಬಿತ್ತು.

ನನ್ನ ಬಳಿಗೆ ಬಂದದ್ದು ಹಣಕ್ಕಲ್ಲ. “ಅಧ್ಯಾಪಕನ ಹತ್ತಿರ ದುಡ್ಡು ಕೇಳುವಷ್ಟು ದಡ್ಡರಲ್ಲ ನಾವು. ನೀನು ಕನ್ನಡ ಎಂ.ಎ. ಮಾಡಿದವನು; ಪಾಲುದಾರಿಕೆ ಪತ್ರ ಬರೆದುಕೊಡು ಮಾರಾಯ. ವಕೀಲರು ಆಮೇಲೆ ತಿದ್ದಲಿ. ಅವರೇ ಬರೆದರೆ ನಮಗೆ ಅರ್ಥವಾಗುವುದಿಲ್ಲ” ಎಂದರು. ಒಂದು ಒಳ್ಳೆಯ ಹೆಸರನ್ನೂ ಸೂಚಿಸಬೇಕಂತೆ! ಪಂಪನಿಂದ ಕುವೆಂಪುವರೆಗೆ ಓದಿದ ನನಗೆ ಬಾರಿಗೊಪ್ಪುವ ಹೆಸರು ಒಂದೂ ಹೊಳೆಯಲಿಲ್ಲ. ಹಳೆಯ ಹೆಸರೇ ಉಳಿಯಿತು.

ಹೊಸ ಬಾರು ತೆರೆಯುವಂತಿರಲಿಲ್ಲ. ಬಾರ್ ಮತ್ತು ರೆಸ್ಟೋರೆಂಟುಗಳಿಗೆ ಬೇಕಾದ ಸಿ.ಎಲ್. 9 ಸನ್ನದನ್ನು ಹೊಸದಾಗಿ ಕೊಡುವುದನ್ನು ಸರ್ಕಾರ 1992ರಲ್ಲಿಯೇ ನಿಲ್ಲಿಸಿತ್ತು. ಹೀಗಾಗಿ ಅವರು ತೆತ್ತ ಹಣದಲ್ಲಿ ಮೇಜು ಕುರ್ಚಿಗಳ ಬೆಲೆ ಅಲ್ಪ. ಗೋಡೆಯ ಮೇಲೆ ಚೌಕಟ್ಟು ಹಾಕಿಸಿ ತೂಗುಬಿಟ್ಟಿದ್ದ ಒಂದು ಕಾಗದದ ಬೆಲೆಯೇ ಬಹುಪಾಲು. ಅಬಕಾರಿ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಸನ್ನದನ್ನು ನವೀಕರಿಸಬೇಕಾದ ಆ ಮಳೆಗಾಲದಲ್ಲಿ ಮಲೆನಾಡಿನವರ ಕೈಯಲ್ಲಿ ಕಾಸಿರುವುದಿಲ್ಲ. ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದ ಮೇಲಲ್ಲವೆ ಅಡಿಕೆ ಹಣವಾಗುವುದು? ಜೂನಿನಲ್ಲಿ ಇರುವುದು ಮಳೆ, ಕೊಳೆರೋಗದ ಭಯ, ಶಾಲೆಯ ಶುಲ್ಕ.

ಪತ್ರ ಬರೆಯುವ ನೆಪದಲ್ಲಿ ನಾನು 1932ರ ಪಾಲುದಾರಿಕೆ ಕಾಯಿದೆಯನ್ನು ಓದಿದೆ. ಯಾವ ಕಾವ್ಯವೂ ಸ್ನೇಹವನ್ನು ಇಷ್ಟು ನಿಷ್ಠುರವಾಗಿ ನೋಡಿಲ್ಲ. ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ; ಒಬ್ಬ ಮಾಡಿದ ಸಾಲಕ್ಕೆ ಇನ್ನೊಬ್ಬನ ಮನೆಯೂ ಹೋಗಬಹುದು. ಬೇರೆ ಒಪ್ಪಂದವಿಲ್ಲದಿದ್ದರೆ ಲಾಭ ಎಲ್ಲರಿಗೂ ಸಮ. ರಾತ್ರಿಯೆಲ್ಲ ಗಲ್ಲೆಯಲ್ಲಿ ಕುಳಿತವನಿಗೆ ಪ್ರತ್ಯೇಕ ಸಂಬಳವಿಲ್ಲ. ಒಬ್ಬ ತೀರಿಕೊಂಡರೆ ಸಂಸ್ಥೆಯೇ ವಿಸರ್ಜನೆ. ಇದನ್ನೆಲ್ಲ ಓದಿ ಹೇಳಿದಾಗ ಕೊಪ್ಪದವನು ನಕ್ಕ. “1957ರಲ್ಲಿ ಬೆಂಗಳೂರಿನ ಕಾಫಿ ಹೌಸಿನ ಕೆಲಸಗಾರರು ಕೆಲಸ ಕಳೆದುಕೊಂಡಾಗ ತಾವೇ ಕೂಡಿ ಸಂಘ ಕಟ್ಟಿ ನಡೆಸಲಿಲ್ಲವೇನೋ? ನಾವು ನಾಲ್ಕು ಜನ ಆಗದೇ?” ಎಂದ. ಹೌದು, ನಡೆಸಿದರು. ಆದರೆ ಅವರು ಕಟ್ಟಿದ್ದು ಸಹಕಾರ ಸಂಘ. ಅದಕ್ಕೆ ನಿಯಮಾವಳಿಯಿತ್ತು, ಲೆಕ್ಕ ತಪಾಸಣೆಯಿತ್ತು, ತಲೆಗೊಂದು ಮತವಿತ್ತು. ಬರಿಯ ಪ್ರೀತಿಯನ್ನು ನಂಬಿ ಅವರು ಕಾಫಿ ಕಾಸಲಿಲ್ಲ. ಮಿತ್ರರು ಒಪ್ಪಿದರು. ಗಲ್ಲೆಯಲ್ಲಿ ಕೂರುವವನಿಗೆ ಸಂಬಳ, ತಿಂಗಳ ಮೊದಲ ಭಾನುವಾರ ಲೆಕ್ಕ, ಬಿಟ್ಟುಹೋಗುವವನ ಪಾಲನ್ನು ಎಷ್ಟು ಕಂತಿನಲ್ಲಿ ಕೊಡಬೇಕೆಂಬುದು, ಎಲ್ಲವನ್ನೂ ಬರೆದೆ.

ಹನ್ನೊಂದನೆಯ ಕಲಮಿಗೆ ಬಂದಾಗ ಕೋಣೆ ನಿಶ್ಶಬ್ದವಾಯಿತು. ‘ಪಾಲುದಾರರು ಈ ಸ್ಥಳದಲ್ಲಿ ಮದ್ಯಪಾನ ಮಾಡತಕ್ಕದ್ದಲ್ಲ’ ಎಂದು ಶೃಂಗೇರಿಯವನು ಬರೆಸಿದ. ಆ ವಾಕ್ಯ ಯಾರನ್ನು ಕುರಿತದ್ದೆಂಬುದು ಎಲ್ಲರಿಗೂ ಗೊತ್ತಿತ್ತು. ಭದ್ರಾ ಹಿನ್ನೀರಿನ ದಡದಲ್ಲಿ ಬೆಳೆದ ನಮ್ಮ ನಾಲ್ಕನೆಯ ಮಿತ್ರ ಕೆಲವು ವರ್ಷಗಳಿಂದ ಸಂಜೆಯಾದ ಮೇಲೆ ದೂರವಾಣಿಗೆ ಸಿಗುತ್ತಿರಲಿಲ್ಲ. ಅವನು ಏನೂ ಆಡಲಿಲ್ಲ. ಆದರೆ ಸಹಿ ಹಾಕುವ ದಿನ ಮೊದಲು ಲೇಖನಿ ಎತ್ತಿಕೊಂಡವನು ಅವನೇ.

ಬಾರು ನಡೆಯಿತು. ಹೊರಗಿನಿಂದ ನೋಡುವವರಿಗೆ ಅದು ಹಣದ ಹೊಳೆ. ದೂರದ ಬೆಟ್ಟ ನುಣ್ಣಗೆ. 2003ರಲ್ಲಿ ಕಾರ್ಯಾರಂಭ ಮಾಡಿದ ರಾಜ್ಯ ಪಾನೀಯ ನಿಗಮದ ಮಳಿಗೆಯಿಂದಲೇ ಸರಕನ್ನು ತರಬೇಕು, ಅದೂ ಮುಂಗಡ ಹಣ ಕಟ್ಟಿ. ಕೊಳ್ಳುವುದು ನಗದಿಗೆ, ಮಾರುವುದೋ, ಪರಿಚಿತರಿಗೆ. ನಾಲ್ವರಿಗೂ ಇಲ್ಲವೆನ್ನಲಾಗದ ನಾಲ್ಕು ನಾಲ್ಕು ಜನರಿದ್ದರು: ಒಬ್ಬನಿಗೆ ಭಾವಮೈದುನ, ಒಬ್ಬನಿಗೆ ಹಳೆಯ ಮೇಷ್ಟರು. “ಲೆಕ್ಕಕ್ಕೆ ಬರೆದುಕೋ” ಎಂಬ ಎರಡು ಪದಗಳ ಮುಂದೆ ದಾಕ್ಷಿಣ್ಯವುಳ್ಳ ಮನುಷ್ಯ ನಿಲ್ಲಲಾರ. ಕೊನೆಗೆ ಗಲ್ಲೆಗೆ ಹೊರಜಿಲ್ಲೆಯಿಂದ ಒಬ್ಬ ಹುಡುಗನನ್ನು ತಂದು ಕೂರಿಸಿದರು. ಅವನಿಗೆ ಊರಿನಲ್ಲಿ ಯಾರ ಗುರುತೂ ಇರಲಿಲ್ಲ. ಅದೇ ಅವನ ಅರ್ಹತೆ.

ಆದರೆ ಸಾಲಕ್ಕಿಂತ ದೊಡ್ಡ ಪ್ರಶ್ನೆಯೊಂದು ಅಡಿಗೆಮನೆಯ ಬಾಗಿಲಿಗೆ ಬಂತು. ಒಂದು ದಿನ ತೋಟದ ಕೆಲಸಕ್ಕೆ ಬರುವ ಹೆಂಗಸೊಬ್ಬಳು ಕೊಪ್ಪದವನ ಹೆಂಡತಿಯನ್ನು ಕರೆದು, “ಬಟವಾಡೆಯ ದಿನ ಇವರಿಗೆ ಕೊಡಬೇಡಿ ಅಂತ ಅಯ್ಯನಿಗೆ ಹೇಳಿ ಅಮ್ಮಾ” ಎಂದು ಕೇಳಿಕೊಂಡಳು. ಹಗಲು ತಾನು ಕೊಟ್ಟ ಕೂಲಿ ರಾತ್ರಿ ತನ್ನ ಗಲ್ಲೆಗೇ ಬರುತ್ತಿದೆಯೆಂಬುದು ಅವನಿಗೆ ಆಗ ತಿಳಿಯಿತು. ಆ ಆಳಿಗೆ ಬಟವಾಡೆಯ ಸಂಜೆ ಕೊಡಕೂಡದೆಂದು ಹೇಳಿದ. ಔಷಧದ ಅಂಗಡಿಯ ಮಿತ್ರ ಒಪ್ಪಲಿಲ್ಲ. “ನಾವು ಕೊಡದಿದ್ದರೆ ಅವನು ಎದುರಿನ ಅಂಗಡಿಗೆ ಹೋಗುತ್ತಾನೆ. ಅವನ ಹೆಂಡತಿಗೇನೂ ಉಳಿಯುವುದಿಲ್ಲ, ನಮಗೆ ಮಾತ್ರ ನಷ್ಟ” ಎಂದ. ಇಬ್ಬರ ಮಾತೂ ನಿಜ. ಈ ಜಗಳಕ್ಕೆ 1932ರ ಕಾಯಿದೆಯಲ್ಲಿ ಪರಿಹಾರವಿಲ್ಲ. ಆಕೆ ಬಂದು ಹೋದ ಮೇಲೆ ಕೂಲಿಯ ಅರ್ಧವನ್ನು ಆಕೆಯ ಕೈಗೇ ಕೊಡುವ ಏರ್ಪಾಡಾಯಿತು. ಗಂಡ ಒಪ್ಪಿದನೆಂಬುದೇ ಆಶ್ಚರ್ಯ. ಆದರೆ ಅದು ಒಂದು ಮನೆಯ ಮಾತು, ಮೇಜುಗಳು ಹದಿನಾಲ್ಕು.

ಒಂದೂವರೆ ವರ್ಷದ ಮೇಲೆ ನಾಲ್ಕನೆಯ ಮಿತ್ರ ಪಾಲನ್ನು ಬಿಡುತ್ತೇನೆಂದ. ಹನ್ನೊಂದನೆಯ ಕಲಮನ್ನು ಅವನು ಒಂದು ದಿನವೂ ಮುರಿದಿರಲಿಲ್ಲ. ಬೇರೆ ಊರಿಗೆ ಹೋಗಿ ಕುಡಿಯುತ್ತಿದ್ದ, ಆಮೇಲೆ ಅದನ್ನೂ ಕಡಿಮೆ ಮಾಡಿದ್ದ. ಕಾರಣ ಕೇಳಿದಾಗ, “ನನ್ನ ಸರದಿಯ ದಿನ ಒಳಗೆ ಹೋಗಿ ನೋಡಿದರೆ ಎಲ್ಲ ಮೇಜಿನಲ್ಲೂ ನಾನೇ ಕೂತಹಾಗೆ ಕಾಣುತ್ತದೆ ಮಾರಾಯ” ಎಂದಷ್ಟೇ ಹೇಳಿದ. ಪತ್ರದಲ್ಲಿದ್ದಂತೆ ಅವನ ಹಣ ಕಂತು ತಪ್ಪದೆ ಸಂದಿತು. ಪಾಲುದಾರ ಹೊರಬಂದರೆ ಸಾರ್ವಜನಿಕ ಪ್ರಕಟಣೆ ಕೊಡಬೇಕು. ಇಲ್ಲದಿದ್ದರೆ ಮುಂದಿನ ಸಾಲಕ್ಕೂ ಅವನು ಹೊಣೆಯಾಗುತ್ತಾನೆ. ಆ ಪ್ರಕಟಣೆಯನ್ನೂ ನಾನೇ ಬರೆದೆ.

ಉಳಿದ ಮೂವರು ಬಾರನ್ನು ನಡೆಸುತ್ತಿದ್ದಾರೆ. ಲೆಕ್ಕದ ಭಾನುವಾರ ಮಧ್ಯಾಹ್ನ ಊಟಕ್ಕೆ ನಾವು ಐವರೂ ಸೇರುತ್ತೇವೆ. ಬಿಟ್ಟುಹೋದವನೇ ಎಲ್ಲರಿಗಿಂತ ಮೊದಲು ಬರುತ್ತಾನೆ. ಹಣದ ಮಾತನ್ನು ಕಾಗದಕ್ಕೆ ಒಪ್ಪಿಸಿದ್ದರಿಂದಲೇ ಅವರಿಗೆ ಬೇರೆ ಮಾತುಗಳು ಉಳಿದವೆಂದು ನನಗನ್ನಿಸುತ್ತದೆ. ಈಗ ನಮ್ಮ ಕಡೆ ಯಾರಾದರೂ ಕೂಡಿ ಅಂಗಡಿ ತೆರೆಯಹೊರಟರೆ ಪತ್ರ ಬರೆಸಲು ನನ್ನಲ್ಲಿಗೆ ಬರುತ್ತಾರೆ. ಹೆಸರೇನು, ಬಂಡವಾಳವೆಷ್ಟು ಎಂದು ನಾನು ಕೇಳುವುದಿಲ್ಲ. “ಒಬ್ಬನು ಬಿಡಬೇಕೆಂದರೆ ಹೇಗೆ ಬಿಡುವುದು?” ಎಂದು ಕೇಳುತ್ತೇನೆ. ಅರ್ಧ ಜನ ಅಲ್ಲಿಂದಲೇ ಎದ್ದುಹೋಗುತ್ತಾರೆ.