ಅಬ್ಬಾರ ಯೆಜ್ಡಿ ಬೈಕು

ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ಹಾಕಿ ತಿಕ್ಕಬಾರದೆಂದು ಯಾವ ಗೃಹಿಣಿಗೆ ತಾನೇ ಗೊತ್ತಿಲ್ಲ? ಪಾತ್ರೆ ಕಪ್ಪಾಗುತ್ತದೆ, ಹೊಳಪು ಹೋಗುತ್ತದೆ. ಅಡುಗೆಮನೆಯ ಇಷ್ಟು ಸಣ್ಣ ವಿಷಯ ಒಂದು ಹಳೆಯ ಬೈಕಿನ ಎಂಜಿನನ್ನು ಉಳಿಸೀತೆಂದು ಯಾರು ಎಣಿಸುತ್ತಾರೆ!

ಮರ್ಹೂಮ್ ಅಬ್ಬಾರ ಯೆಜ್ಡಿ ಬೈಕು ಮೈಸೂರಿನ ನಮ್ಮ ತವರು ಮನೆಯ ಹಿತ್ತಲಲ್ಲಿ ಗೋಣಿಚೀಲ ಹೊದ್ದು ವರ್ಷಗಟ್ಟಲೆ ನಿಂತಿತ್ತು. ಅದು ನಮ್ಮೂರಿನದೇ ಬೈಕು. ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಲ್ಲಿ ಜಾವಾ ಬೈಕುಗಳನ್ನೂ ಮುಂದೆ ಯೆಜ್ಡಿಗಳನ್ನೂ ತಯಾರಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಎರಡು ಸೈಲೆನ್ಸರ್, ಕಿಕ್ ಹೊಡೆಯಲೂ ಗೇರ್ ಬದಲಿಸಲೂ ಒಂದೇ ಲಿವರ್. ಬೀದಿಯ ತಿರುವಿನಲ್ಲಿ ಅದರ ಸದ್ದು ಕೇಳಿದೊಡನೆ ಅಮ್ಮಿ ಚಹಾಕ್ಕೆ ನೀರಿಡುತ್ತಿದ್ದರು.

ತಮ್ಮನಿಗೆ ಅದನ್ನು ಮತ್ತೆ ಓಡಿಸುವ ಆಸೆ. ಎಂಜಿನಿನ ಮೇಲೆ ಯಾರ್‍ಯಾರೋ ಬಳಿದ ಬಣ್ಣ ಪದರು ಪದರಾಗಿ ಕೂತಿತ್ತು. ಚರಂಡಿ ಕಟ್ಟಿಕೊಂಡಾಗ ಸುರಿಯುವ ಕಾಸ್ಟಿಕ್ ಸೋಡಾ ಒಂದು ಪೊಟ್ಟಣ ತಂದ. “ಆಪಾ, ಬಿಚ್ಚಿದ ಭಾಗಗಳನ್ನು ರಾತ್ರಿ ಇದರಲ್ಲಿ ನೆನೆಹಾಕಿದರೆ ಬೆಳಿಗ್ಗೆ ಬಣ್ಣ ಸಿಪ್ಪೆಯ ಹಾಗೆ ಬಿಡುತ್ತದಂತೆ, ಮೆಕ್ಯಾನಿಕ್ ಹೇಳಿದ” ಎಂದ.

“ಇದು ಯಾವ ಲೋಹ?” ಎಂದು ಕೇಳಿದೆ.

“ಅಲ್ಯೂಮಿನಿಯಂ.”

ವಾದ ಮಾಡಲಿಲ್ಲ. ಬಯಲಲ್ಲಿ ಪ್ಲಾಸ್ಟಿಕ್ ಬಕೆಟ್ ಇಡಿಸಿ, ನೀರಿಗೆ ಸ್ವಲ್ಪ ಸೋಡಾ ಬೆರೆಸಿ, ಒಂದು ತೂತುಬಿದ್ದ ಮುಚ್ಚಳ ಹಾಕಿಸಿದೆ. ಸ್ವಲ್ಪ ಹೊತ್ತಿಗೇ ನೊರೆ ಎದ್ದು ನೀರು ಬಿಸಿಯಾಯಿತು. ಆ ಗುಳ್ಳೆಗಳಲ್ಲಿರುವುದು ಹೈಡ್ರೋಜನ್. ಕಿಡಿ ತಾಗಿದರೆ ಹೊತ್ತಿಕೊಳ್ಳುವ ಅನಿಲ. ಕಬ್ಬಿಣವಾದರೆ ಕಾಸ್ಟಿಕ್ ಸೋಡಾ ತಡೆದುಕೊಳ್ಳುತ್ತದೆ, ಅಲ್ಯೂಮಿನಿಯಮನ್ನು ತಿಂದೇ ಬಿಡುತ್ತದೆ. ತಮ್ಮ ಪೊಟ್ಟಣ ಮಡಚಿ ಮಕ್ಕಳ ಕೈಗೆ ಸಿಗದಂತೆ ಅಟ್ಟದ ಮೇಲಿಟ್ಟ.

ಮರುದಿನ ಬಣ್ಣ ಬಿಡಿಸುವ ಲೋಳೆಯ ಡಬ್ಬ ತಂದು, ಗಾಳಿಗೆ ಒಣಗದಿರಲೆಂದು ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಹಚ್ಚಲು ಹೊರಟ. ಡಬ್ಬದ ಮೇಲಿನ ಸಣ್ಣ ಅಕ್ಷರ ಓದಿದೆ: ಡೈಕ್ಲೋರೋಮೀಥೇನ್. ಇದರ ಆವಿ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ಕೆಳಗೇ ತುಂಬಿಕೊಳ್ಳುತ್ತದೆ. ಉಸಿರಿನೊಂದಿಗೆ ಒಳಹೋದರೆ ಪ್ರಜ್ಞೆ ತಪ್ಪಬಹುದು, ದೇಹದೊಳಗೆ ಅದು ಕಾರ್ಬನ್ ಮಾನಾಕ್ಸೈಡ್ ಆಗಿಯೂ ಮಾರ್ಪಡುತ್ತದೆ. ಅಮೆರಿಕದಲ್ಲಿ ಸ್ನಾನದ ತೊಟ್ಟಿಯ ಬಣ್ಣ ತೆಗೆಯುತ್ತಿದ್ದ ಕೆಲಸಗಾರರು ಹೀಗೆಯೇ ಸತ್ತಿದ್ದಾರೆ. ಅಂಥ ಬಣ್ಣ ತೆಗೆಯುವ ಡಬ್ಬಗಳನ್ನು ಜನಸಾಮಾನ್ಯರಿಗೆ ಮಾರುವುದನ್ನು ಆ ದೇಶ 2019ರಲ್ಲಿ ನಿಷೇಧಿಸಿತು. ಮಾಮೂಲಿ ರಬ್ಬರ್ ಗ್ಲೌಸು ಇದಕ್ಕೆ ತಡೆಯಾಗದು. ಡಬ್ಬ ಅಂಗಡಿಗೆ ವಾಪಸಾಯಿತು. ಬದಲಿಗೆ ಬೆಂಜೈಲ್ ಆಲ್ಕೋಹಾಲ್ ಇರುವುದು ಬಂತು. ಅದು ನಿಧಾನ, ಆದರೆ ಅಷ್ಟು ಅಪಾಯದ್ದಲ್ಲ. ಅದನ್ನೂ ಬಯಲಲ್ಲೇ ಬಳಸಬೇಕು.

ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯೂ ಉಂಟು. ಮನೆಗೆ ಬಳಿಯುವ ಬಣ್ಣದಲ್ಲೇ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಒಣಗಿದ ಬಣ್ಣವನ್ನು ಉಜ್ಜಿದರೆ ಏಳುವ ಧೂಳು ಮಕ್ಕಳ ಮಿದುಳಿಗೆ ಕೇಡು. ಇದು ಗಂಡಸರ ಕೆಲಸವೆಂದು ನಾವು ಸುಮ್ಮನಿದ್ದರೆ ಹೇಗೆ ಸಹೋದರಿಯರೇ? ಆ ಬಟ್ಟೆ ಒಗೆಯುವವರು ನಾವೇ ಅಲ್ಲವೇ?

ಮಕ್ಕಳನ್ನು ಒಳಗೆ ಕೂರಿಸಿ, ಹಿತ್ತಲಲ್ಲಿ ಹಳೆಯ ಪತ್ರಿಕೆ ಹಾಸಿ ಕೆಲಸ ಸಾಗಿತು. ಮೊದಲು ಸೀಮೆಎಣ್ಣೆಯಿಂದ ಜಿಡ್ಡು ತೆಗೆದು, ಸಾಬೂನು ನೀರಲ್ಲಿ ತೊಳೆದ. ತೂತುಗಳಿಗೆಲ್ಲ ಬಟ್ಟೆ ತುರುಕಿದ. ಮರಳು ಹೊಡೆಸಿ ಬಣ್ಣ ತೆಗೆಸುವವರೂ ಇದ್ದಾರೆ, ಆದರೆ ಒಂದು ಹಿಡಿ ಮರಳು ಒಳಗೆ ಉಳಿದರೂ ಬೇರಿಂಗು ಕೆಡುತ್ತದೆ. ಲೋಳೆ ಹಚ್ಚಿ ಬಣ್ಣ ಸುಕ್ಕುಗಟ್ಟುವವರೆಗೆ ಕಾಯುವುದು, ಮರದ ಚಕ್ಕೆಯಿಂದ ಎಬ್ಬಿಸುವುದು, ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್. ಕಪ್ಪು ಹೋಯಿತು, ಅದರಡಿಯ ಬೆಳ್ಳಿ ಬಣ್ಣ ಹೋಯಿತು. ಅವನ ಅಂಗಿ, ಲುಂಗಿ ಬೇರೆ ಬಕೆಟ್ಟಿಗೆ ಬಿದ್ದವು.

ಎಂಜಿನ್ ನಂಬರಿನ ಬಳಿ ಮಾತ್ರ ಉಪ್ಪುಕಾಗದ ಮುಟ್ಟಿಸಬೇಡವೆಂದೆ. ಲೋಹಕ್ಕೆ ಒತ್ತಿದ ಆ ಅಂಕಿಗಳು ಸವೆದರೆ, ನೋಂದಣಿ ನವೀಕರಿಸಲು ಹೋದಾಗ ಗಾಡಿ ನಮ್ಮದೆಂದು ತೋರಿಸುವುದೇ ಕಷ್ಟ. ಬಣ್ಣ ಕರಗಿ ಒಂದೊಂದೇ ಅಂಕಿ ಮೂಡುತ್ತಿದ್ದಾಗ ಅಮ್ಮಿ ಕಬ್ಬಿಣದ ಪೆಟ್ಟಿಗೆಯಿಂದ ಆರ್.ಸಿ. ಪುಸ್ತಕ ತಂದರು. ತಮ್ಮ ಓದುತ್ತಾ ಹೋದ, ಅವರು ಕನ್ನಡಕ ಸರಿಪಡಿಸಿಕೊಂಡು ಬೆರಳಿಟ್ಟು ತಾಳೆ ನೋಡುತ್ತಾ ಹೋದರು. ಕೊನೆಯ ಅಂಕಿಯೂ ಹೊಂದಿತು. “ಇನ್ನು ಇದಕ್ಕೆ ಬಣ್ಣ ಹಚ್ಚಬೇಡ, ನಿಮ್ಮ ಅಬ್ಬಾ ಹೀಗೇ ಹೊಳೆಸಿ ಇಟ್ಟುಕೊಳ್ಳುತ್ತಿದ್ದರು” ಎಂದು ಹೇಳಿ ಚಹಾಕ್ಕೆ ನೀರಿಡಲು ಒಳಗೆ ಹೋದರು.